ಎರಡು ದಿನ ಮೊದಲೇ ಬಂದ ಪ್ರಶ್ನೆ

"ನಮ್ಮ ಹುಡುಗನಿಗೆ ನಾವು ಲಾಯರ್ ಇಟ್ಟಿದ್ದೀವಿ ಅಂತ ನಿಮಗೆ ಯಾರು ಹೇಳಿದ್ದು?"

ಹೆಂಗಸು ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿಯನ್ನು ಅರ್ಧಕ್ಕೇ ಬಿಟ್ಟು, ಸಮವಸ್ತ್ರದಲ್ಲೇ ಓಡಿ ಬಂದಿದ್ದಳು. ಜೈಲಿನಲ್ಲಿರುವ ಲಿಫ್ಟ್ ಮೆಕ್ಯಾನಿಕ್‌ನ ಅಕ್ಕ ಅವಳು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ, ಐಟಿಐ ಓದಿಸಿದವಳೂ ಅವಳೇ.

"ನಾನು ಹೇಳ್ತಿಲ್ಲಮ್ಮ. ಕೋರ್ಟಿನ ಫೈಲು ಹೇಳ್ತಿದೆ," ಎಂದಳು ಕೌಂಟರಿನ ಈಚೆಗಿದ್ದ ಜರಡಿ.

ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಜರಡಿಯದು ಇಪ್ಪತ್ತೊಂದು ವರ್ಷದ ಸೇವೆ. ಸರ್ಕಾರದ ಖರ್ಚಿನಲ್ಲಿ ವಕೀಲರು ಬೇಕೆಂದು ಬಂದವರಲ್ಲಿ ನಿಜವಾಗಿ ಯಾರಿಗೆ ಸಲ್ಲಬೇಕೆಂದು ಸೋಸುವುದು ಅವಳ ಕೆಲಸ. ಮೂರು ಮನೆ ಬಾಡಿಗೆಗೆ ಬಿಟ್ಟವರು ಹರಕು ಚಪ್ಪಲಿ ಮೆಟ್ಟಿಕೊಂಡು ಬಂದು ಗೊಳೋ ಎನ್ನುತ್ತಾರೆ. ಏನೂ ಇಲ್ಲದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಕೇಳಲು ನಾಚಿ, ಬಾಗಿಲಲ್ಲೇ ನಿಂತಿರುತ್ತಾರೆ. ಇಬ್ಬರನ್ನೂ ಮುಖ ನೋಡಿಯೇ ಹೇಳಬಲ್ಲಳೆಂದು ಕೋರ್ಟಿನವರು ಅವಳಿಗೆ ಆ ಹೆಸರಿಟ್ಟಿದ್ದರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದವರು ಈಗ ಎದುರಿಗೇ ಕರೆಯುತ್ತಾರೆ. ಅವಳಿಗೆ ಅದರಿಂದ ಬೇಜಾರೇನಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಜಂಬವೇ ಇತ್ತು.

ಮೂರು ವಾರದ ಹಿಂದೆ, ಒಂದು ಗುರುವಾರ, ಐದು ಮಹಡಿಯ ಕಟ್ಟಡದ ಯಜಮಾನರು ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು ಒಳಗೆ ಕಾಲಿಟ್ಟಿದ್ದರು. ಲಿಫ್ಟು ಅಲ್ಲಿರಲಿಲ್ಲ, ಕೆಳಗಿತ್ತು. ಬಾಗಿಲಿನ ಬೀಗವನ್ನು ಯಾರೋ ಕೀಲಿಯಿಂದ ಸಡಿಲ ಮಾಡಿದ್ದರು, ಮತ್ತು ಅಂಥ ಕೀಲಿ ಮೆಕ್ಯಾನಿಕ್‌ನ ಟೂಲ್ ಡಬ್ಬಿಯಲ್ಲಿ ಸಿಕ್ಕಿತ್ತು. ಅದಕ್ಕೆ ವಾರದ ಮೊದಲು ಅವನಿಗೂ ಯಜಮಾನರಿಗೂ ಜೋರು ಜಗಳವಾಗಿದ್ದನ್ನು ಇಡೀ ಕಟ್ಟಡವೇ ಕೇಳಿಸಿಕೊಂಡಿತ್ತು.

"ಜೈಲಲ್ಲಿ ಇರೋರಿಗೆ ನಾವು ಆದಾಯ ಕೇಳಲ್ಲ," ಜರಡಿ ವಿವರಿಸಿದಳು. "ಅರ್ಜಿ ಹಾಕಿದ್ರೆ ವಕೀಲರು ಸಿಕ್ಕೇ ಸಿಗ್ತಾರೆ. ಆದ್ರೆ ಖಾಸಗಿ ವಕೀಲರು ಆಗಲೇ ವಕಾಲತ್ತು ಹಾಕಿದ್ರೆ ನಮ್ಮ ಕೈ ಕಟ್ಟಿದ ಹಾಗೆ. ನಿಮ್ಮ ತಮ್ಮನಿಗೆ ಬೆಣ್ಣೆ ವಕೀಲರು ನಿಂತಿದ್ದಾರೆ."

"ಅವರ ಮುಖಾನೇ ನಾನು ನೋಡಿಲ್ಲ ಮೇಡಂ. ಅವರು ಬಾಯಿ ತೆರೆಯೋದಕ್ಕೇ ನನ್ನ ವರ್ಷದ ಸಂಬಳ ಬೇಕಂತೆ."

"ನಿಮ್ಮ ತಮ್ಮ ಸಹಿ ಹಾಕಿದ್ದಾನಲ್ಲ?"

"ಜೈಲಿಗೇ ಬಂದು ಹಾಕಿಸ್ಕೊಂಡು ಹೋದ್ರಂತೆ. ಅವನು, ಅಕ್ಕ ಕಳಿಸಿದ್ದಾಳೆ ಅಂದ್ಕೊಂಡ. ನಾನು, ಸರ್ಕಾರ ಕಳಿಸಿದೆ ಅಂದ್ಕೊಂಡೆ."

ಜರಡಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಂದು ಮಧ್ಯಾಹ್ನ ಮೂರು ಗಂಟೆಗೆ ನ್ಯಾಯಾಧೀಶರು ಅವನ ಮೇಲೆ ಯಾವ ಆರೋಪ ಹೊರಿಸಬೇಕೆಂದು ತೀರ್ಮಾನಿಸುವವರಿದ್ದರು. ನಿರ್ಲಕ್ಷ್ಯ ಎಂದಾದರೆ ಎರಡು ವರ್ಷ. ಬೇಕೆಂದೇ ಮಾಡಿದ್ದು ಎಂದಾದರೆ ಜೀವನಪೂರ್ತಿ. ಸರ್ಕಾರಿ ವಕೀಲರು ಕೊಲೆ ಎಂದೇ ಹಟ ಹಿಡಿದಿದ್ದರು, ಆದರೆ ಬೇಕೆಂದೇ ಮಾಡಿದ್ದಕ್ಕೆ ಜಗಳವೊಂದನ್ನು ಬಿಟ್ಟರೆ ಅವರ ಕೈಯಲ್ಲಿ ಪುರಾವೆಯಿರಲಿಲ್ಲ. ಇತ್ತ ಬೆಣ್ಣೆ ವಕೀಲರು, ನಮ್ಮ ಕಕ್ಷಿದಾರ ನಿರ್ಲಕ್ಷ್ಯವನ್ನು ಒಪ್ಪಿಕೊಳ್ಳುತ್ತಾನೆ ಎಂದು ಬರೆದು ಕೊಟ್ಟಾಗಿತ್ತು.

"ಎರಡೇ ವರ್ಷ, ಕಣ್ಮುಚ್ಚಿ ತೆಗೆಯೋದ್ರಲ್ಲಿ ಮುಗಿಯುತ್ತೆ ಅಂದ್ರಂತೆ," ಎಂದಳು ಅಕ್ಕ. "ಮಾಡದ ತಪ್ಪಿಗೆ ಎರಡು ದಿನ ಆದ್ರೂ ಯಾಕೆ ಕೂರ್ಬೇಕು? ನೋಡೋಕೆ ಹೋದಾಗೆಲ್ಲ ಅವನದು ಒಂದೇ ಮಾತು. ಲಿಫ್ಟಿಗೆ ಎರಡು ಕೀಲಿ ಇರುತ್ತೆ ಅಕ್ಕ, ಒಂದು ನನ್ನ ಹತ್ರ, ಇನ್ನೊಂದು ಕಟ್ಟಡದ ಆಫೀಸಲ್ಲಿ. ಆ ಇನ್ನೊಂದನ್ನ ಯಾರೂ ಕೇಳ್ತಿಲ್ಲ ಅಂತ."

ಜರಡಿ ವಕಾಲತ್ತಿನ ಜೆರಾಕ್ಸನ್ನು ಮತ್ತೊಮ್ಮೆ ಹತ್ತಿರ ಎಳೆದುಕೊಂಡಳು. ಮೆಕ್ಯಾನಿಕ್‌ನ ಸಹಿ ಇತ್ತು, ಜೈಲಿನ ಮೊಹರು ಇತ್ತು, ದಿನಾಂಕವೂ ಸರಿಯಾಗಿತ್ತು. ಕೆಳಗೆ, ನೋಟೀಸು ಕಳಿಸಬೇಕಾದ ವಿಳಾಸದ ಜಾಗದಲ್ಲಿ ಅವಳ ಬೆರಳು ನಿಂತಿತು.

"ನಿಮ್ಮ ಮನೆ ಎಲ್ಲಿ?"

"ರೈಲ್ವೆ ಗೇಟಿನ ಹಿಂದೆ. ಯಾಕೆ?"

"ಇಲ್ಲಿ ಬೇರೆ ಬರೆದಿದೆ." ಜರಡಿ ವಿಳಾಸ ಓದಿ ಹೇಳಿದಳು.

ಅಕ್ಕನ ಮುಖದ ಬಣ್ಣ ಹೋಯಿತು. "ಅದು ಸತ್ತೋರ ಕಟ್ಟಡ ಮೇಡಂ! ಒಂದನೇ ಮಹಡಿ ಆಫೀಸಲ್ಲಿ ಅವರ ಅಳಿಯ ಕೂರ್ತಾರೆ. ಕಟ್ಟಡ ನೋಡ್ಕೊಳ್ಳೋರು ಅವರೇ."

ಜರಡಿಗೆ ವಕೀಲರ ಆಫೀಸುಗಳ ಪದ್ಧತಿ ಚೆನ್ನಾಗಿ ಗೊತ್ತು. ಅಲ್ಲಿನ ಗುಮಾಸ್ತರು ವಿಳಾಸದ ಜಾಗದಲ್ಲಿ ಕಕ್ಷಿದಾರನ ಮನೆ ಬರೆಯುವುದಿಲ್ಲ, ಬಿಲ್ಲು ಎಲ್ಲಿಗೆ ಹೋಗಬೇಕೋ ಅಲ್ಲಿಯದನ್ನು ಬರೆಯುತ್ತಾರೆ. ಕೈಗೆ ಬಿದ್ದ ಅಭ್ಯಾಸ ಅದು. ಯಾವನೋ ಪಾಪದ ಗುಮಾಸ್ತ, ಯೋಚಿಸದೆ, ಎಂದಿನಂತೆ ಬರೆದುಬಿಟ್ಟಿದ್ದ. ಮಾವನನ್ನು ಕೊಂದವನೆಂದು ಜೈಲಿಗೆ ಹೋದವನ ವಕೀಲರಿಗೆ ಸ್ವತಃ ಅಳಿಯನೇ ಫೀಸು ಕೊಡುತ್ತಿದ್ದ.

"ಲಿಫ್ಟು ಅಂದ್ರಾ?"

ಮೂಲೆಯ ಮೇಜಿನಿಂದ ಮೇಷ್ಟ್ರು ತಲೆಯೆತ್ತಿದರು. ನಿವೃತ್ತರಾದ ಮೇಲೆ ಸಲಹೆಯ ಮೇಜಿನಲ್ಲಿ ಪುಕ್ಕಟೆ ಕೂರುವ ಹಿರಿಯರು. ಬಂದವರ ಹೆಸರು ಕೇಳುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಮುಖ ನೋಡಿದರೆ ಜನ ಸುಳ್ಳು ಹೇಳುತ್ತಾರೆಂಬುದು ಅವರ ನಂಬಿಕೆ. ತಲೆ ತಗ್ಗಿಸಿಕೊಂಡು, ಅವರ ಪ್ರಶ್ನೆಯನ್ನು ಅವರ ಬಾಯಿಮಾತಿನಲ್ಲೇ ಚೀಟಿಯಲ್ಲಿ ಬರೆದು, ತಾರೀಕಿನ ಮೊಹರು ಒತ್ತಿ, ಉತ್ತರ ಹೇಳಿ, ಚೀಟಿಯನ್ನು ಪೆಟ್ಟಿಗೆಗೆ ಹಾಕುತ್ತಾರೆ.

ಮೇಷ್ಟ್ರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೀಗ ತೆಗೆದು ಕೆದಕಿದರು. ಹತ್ತು ನಿಮಿಷ ಹಿಡಿಯಿತು. ಕೊನೆಗೆ ಒಂದು ಚೀಟಿಯನ್ನು ಜರಡಿಯ ಮುಂದೆ ಚಾಚಿದರು.

'ಲಿಫ್ಟ್ ರಿಪೇರಿಯವನ ಮೇಲೆ ಸಾವಿನ ಕೇಸಾದ್ರೆ ಅವನಿಗೆ ಫ್ರೀ ಲಾಯರ್ ಸಿಗ್ತಾರಾ? ಇಲ್ಲಾ ದುಡ್ಡು ಕೊಟ್ಟೇ ಇಡ್ಬೇಕಾ?'

ಮೊಹರಿನ ತಾರೀಕನ್ನು ಜರಡಿ ಎರಡು ಸಲ ನೋಡಿದಳು. ಮಂಗಳವಾರ. ಯಜಮಾನರು ಬಿದ್ದು ಸತ್ತದ್ದು ಗುರುವಾರ.

"ಯಾರು ಕೇಳಿದ್ದು ಮೇಷ್ಟ್ರೇ?"

"ಗಂಡಸಿನ ದನಿ. ಅಷ್ಟೇ ಜ್ಞಾಪಕ."

"ನೀವೇನು ಹೇಳಿದ್ರಿ?"

"ಇನ್ನೇನು ಹೇಳೋದು? ಜೈಲಿಗೆ ಹೋದ್ರೆ ಫ್ರೀ ಸಿಗುತ್ತೆ, ಬೇರೆ ಯಾರಾದ್ರೂ ವಕೀಲರನ್ನ ಇಟ್ಟುಬಿಟ್ರೆ ಸಿಗಲ್ಲ ಅಂದೆ."

ಜರಡಿ ಚೀಟಿಯನ್ನು ವಕಾಲತ್ತಿನ ಪಕ್ಕಕ್ಕೆ ಇಟ್ಟು ನೋಡಿದಳು. ಹುಡುಗನಿಗೆ ಫ್ರೀ ವಕೀಲರು ಸಿಗದಂತೆ ಮಾಡುವುದು ಹೇಗೆಂದು ಅಳಿಯ ಈ ಕಚೇರಿಯಲ್ಲೇ, ಇದೇ ಮೇಜಿನಲ್ಲೇ ಕೇಳಿ ತಿಳಿದುಕೊಂಡು ಹೋಗಿದ್ದಾನೆ! ಅದೂ ಮಾವ ಸಾಯುವುದಕ್ಕೆ ಎರಡು ದಿನ ಮೊದಲು.

ಪೆಟ್ಟಿಗೆಯ ಚೀಟಿ ಕಚೇರಿಯ ಹೊಸ್ತಿಲು ದಾಟಬಾರದು. ಪೊಲೀಸರು ಬಂದು ಕೇಳಿದರೂ ಕೊಡುವುದಿಲ್ಲ. ಒಮ್ಮೆ ಕೊಟ್ಟರೆ ಮಾರನೆಯ ದಿನದಿಂದ ಆ ಮೇಜಿನ ಮುಂದೆ ಯಾರೂ ಬಾಯಿಬಿಡುವುದಿಲ್ಲ. ಈ ನಿಯಮವನ್ನು ಗೋಡೆಯ ಮೇಲೆ ಬರೆಸಿ ಹಾಕಿಸಿದವಳು ಜರಡಿಯೇ. ಅವಳು ಆ ಗೋಡೆಗೆ ಬೆನ್ನು ಹಾಕಿ ನಿಂತು ಚೀಟಿಯ ಜೆರಾಕ್ಸ್ ತೆಗೆದಳು.

"ಮೇಡಂ, ಒಂದು ನಿಮಿಷ," ಮೇಷ್ಟ್ರು ಕನ್ನಡಕ ತೆಗೆದರು. "ಇಲ್ಲಿಗೆ ಬರೋ ಜನ ಕೇಳೋ ರೀತಿ ನಿಮಗೆ ಗೊತ್ತಲ್ಲ..."

"ಆಮೇಲೆ ಮೇಷ್ಟ್ರೇ!" ಜರಡಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಬೆಣ್ಣೆ ವಕೀಲರ ಚೇಂಬರು ಕೋರ್ಟಿನ ಎದುರಿನ ಬೀದಿಯಲ್ಲಿ, ಟೈಪಿಂಗ್ ಅಂಗಡಿಗಳ ಮೇಲಿತ್ತು. ಅಲ್ಲಿ ಫೀಸು ಕೊಡುವವರಿಗೆ ಮೆತ್ತೆಯ ಕುರ್ಚಿ, ಕೇಸಿನಲ್ಲಿ ಸಿಕ್ಕಿಕೊಂಡವರಿಗೆ ಗೋಡೆ ಬದಿಯ ಬೆಂಚು. ಜರಡಿ ಬೇಕೆಂದೇ ಕುರ್ಚಿಯಲ್ಲಿ ಕುಳಿತಳು. ಗೋಡೆ ಗಡಿಯಾರ ಒಂದೂವರೆ ತೋರಿಸುತ್ತಿತ್ತು.

"ಬನ್ನಿ ಬನ್ನಿ ಜರಡಿ ಮೇಡಂ! ಬಡವರ ಚೇಂಬರಿಗೆ ದಾರಿ ತಪ್ಪಿ ಬಂದ್ರಾ?"

"ಬಡವರನ್ನ ಗುರುತಿಸೋದೇ ನನ್ನ ಕೆಲಸ ಸಾರ್. ನೀವು ಪಾಸಾಗಲ್ಲ."

ವಕೀಲರು ಮನಸಾರೆ ನಕ್ಕರು. ದುಂಡು ಮುಖ, ನುಣುಪು ದನಿ. ಬೈದರೂ ಉಪಚಾರ ಮಾಡಿದ ಹಾಗಿರುತ್ತದೆಂದು ಅವರಿಗೆ ಆ ಹೆಸರು ಬಂದಿತ್ತು.

"ಲಿಫ್ಟ್ ಕೇಸಿಗೆ ನಿಮಗೆ ಫೀಸು ಕೊಡ್ತಿರೋರು ಯಾರು?"

"ಅದನ್ನ ನಾನು ಹೇಳೋ ಹಾಗಿಲ್ಲ ಅಂತ ನಿಮಗೇ ಗೊತ್ತು."

"ನೀವು ಹೇಳ್ಬೇಕಾಗಿಲ್ಲ ಬಿಡಿ. ನಿಮ್ಮ ಗುಮಾಸ್ತರೇ ಹೇಳಿದ್ದಾರೆ." ಜರಡಿ ವಕಾಲತ್ತಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ವಿಳಾಸದ ಮೇಲೆ ಬೆರಳಿಟ್ಟಳು.

ವಕೀಲರು ನೋಡಿದರು. ಮುಖದ ಬೆಣ್ಣೆ ಒಂದು ಕ್ಷಣ ಗಟ್ಟಿಯಾಯಿತು, ಮತ್ತೆ ಕರಗಿತು.

"ಸರಿ, ಅವರೇ ಕೊಟ್ರು ಅನ್ನಿ. ತಮ್ಮ ಕಟ್ಟಡದಲ್ಲಿ ದುಡಿದ ಹುಡುಗ ಅಂತ ಕನಿಕರ ಪಟ್ಟು ಕೊಟ್ರು. ಅದರಲ್ಲಿ ತಪ್ಪೇನಿದೆ? ನಿಮ್ಮಲ್ಲಿ ಸರ್ಕಾರ ದುಡ್ಡು ಕೊಡುತ್ತೆ. ಹಾಗಂತ ನಿಮ್ಮ ವಕೀಲರು ಸರ್ಕಾರ ಹೇಳಿದ ಹಾಗೆ ಕುಣೀತಾರಾ?"

"ಇಲ್ಲ. ಕುಣಿಯೋ ಹಾಗಿದ್ದಿದ್ರೆ ನಾನು ಇಷ್ಟು ವರ್ಷ ಅಲ್ಲಿ ಇರ್ತಿರ್ಲಿಲ್ಲ. ನೀವು ಹೇಳಿ, ಎರಡನೇ ಕೀಲಿ ಬಗ್ಗೆ ಯಾಕೆ ಒಂದು ಸಾಲೂ ಬರೀಲಿಲ್ಲ?"

ವಕೀಲರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಅದನ್ನ ಕೇಳಿದ್ರೆ ಕಟ್ಟಡದ ಆಫೀಸಿನ ಬಾಗಿಲು ತಟ್ಬೇಕಾಗುತ್ತೆ, ಅಲ್ವಾ? ಹುಡುಗ ನಿರ್ಲಕ್ಷ್ಯ ಅಂತ ಒಪ್ಕೊಂಡುಬಿಟ್ರೆ ಆ ತಾಪತ್ರಯಾನೇ ಇರಲ್ಲ."

"ಎರಡು ವರ್ಷ ಮೇಡಂ. ಅವನ ವಯಸ್ಸಿಗೆ ಅದು ಏನೂ ಅಲ್ಲ."

"ನೀವು ಒಂದು ರಾತ್ರಿ ಇದ್ದು ಬಂದು ಹೇಳಿ!"

ಜರಡಿಗೆ ಕೋಪ ನೆತ್ತಿಗೇರಿತ್ತು. ಇನ್ನೊಬ್ಬರ ಎರಡು ವರ್ಷವನ್ನು ಚಿಲ್ಲರೆ ಕಾಸಿನಂತೆ ಎತ್ತಿಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಬ್ಯಾಗಿನಿಂದ ಚೀಟಿಯ ಪ್ರತಿ ತೆಗೆದು ವಕಾಲತ್ತಿನ ಪಕ್ಕಕ್ಕೆ ಇಟ್ಟಳು.

"ಕನಿಕರ ಅಂದ್ರಲ್ಲ ಸಾರ್. ಮಾವ ಸಾಯೋಕೆ ಎರಡು ದಿನ ಮೊದಲೇ ಕನಿಕರ ಹುಟ್ಟುತ್ತಾ?"

ವಕೀಲರು ನಿಧಾನವಾಗಿ ಓದಿದರು. ಆಮೇಲೆ ಕಾಗದವನ್ನು ಬೆಳಕಿಗೆ ತಿರುಗಿಸಿ ತಾರೀಕು ನೋಡಿದರು. ಹೊರಗೆ ಟೈಪ್ ಮಿಷನ್ನುಗಳ ಸದ್ದು ಜೋರಾಗಿ ಕೇಳಿಸುತ್ತಿತ್ತು.

"ಇದು ನಿಮ್ಮ ಕಚೇರಿ ಮೊಹರಾ?"

"ಹೌದು. ಮೂಲ ಚೀಟಿ ಪೆಟ್ಟಿಗೇಲಿದೆ. ಕೇಳಿದೋರು ಯಾರು ಅಂತ ನಾನು ಬಿಡಿಸಿ ಹೇಳ್ಬೇಕಾ?"

"ಬೇಡ." ದನಿ ಸಣ್ಣದಾಗಿತ್ತು. "ನಿಮಗೆ ಏನು ಬೇಕು?"

"ನಿರಾಕ್ಷೇಪಣೆ ಬರೆದುಕೊಡಿ. ಕೇಸು ಬಿಟ್ಟುಬಿಡಿ. ಮೂರು ಗಂಟೆಗೆ ಅವನ ಪಕ್ಕದಲ್ಲಿ ನಮ್ಮ ವಕೀಲೆ ನಿಂತ್ಕೋತಾರೆ."

ಅಷ್ಟು ಹೇಳಿ ಜರಡಿ ಜಗಳಕ್ಕೆ ಸೊಂಟ ಕಟ್ಟಿ ಕುಳಿತಳು. ಒಂದು ವಕಾಲತ್ತು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದವರನ್ನು ಅವಳು ಕಂಡಿದ್ದಳು. ಆದರೆ ವಕೀಲರು ಲೆಟರ್‌ಹೆಡ್ ಎಳೆದುಕೊಂಡು, ನಾಲ್ಕು ಸಾಲು ಬರೆದು, ಸಹಿ ಮಾಡಿ, ಅವಳ ಕಡೆ ತಳ್ಳಿದರು. ನೀರು ಕುಡಿದಷ್ಟು ಸುಲಭವಾಗಿ ಮುಗಿದುಹೋಯಿತು.

ಚೀಟಿಯ ಪ್ರತಿ ಮಾತ್ರ ಅವರ ಅಂಗೈ ಕೆಳಗೇ ಇತ್ತು.

"ಇದನ್ನ ಇಟ್ಕೊಳ್ಳಲಾ? ಯಾರ ದುಡ್ಡು ಮುಟ್ಟಿದ್ದೀನಿ ಅಂತ ನನಗೂ ಗೊತ್ತಾಗ್ಬೇಕಲ್ಲ. ಅವರ ಮುಖಕ್ಕೇ ಹಿಡಿದು ಕೇಳ್ತೀನಿ."

ಜರಡಿ ಒಂದು ಗಳಿಗೆ ತಡೆದಳು. ಗೋಡೆಯ ಮೇಲಿನ ನಿಯಮ ನೆನಪಾಯಿತು. ಎದುರಿಗೆ ಗಡಿಯಾರ ಎರಡರ ಹತ್ತಿರ ಬಂದಿತ್ತು. ಮನುಷ್ಯ ಹೆದರಿದ್ದಾನೆ, ಸದ್ಯ ಕೆಲಸ ಆಯಿತಲ್ಲ, ಎಂದುಕೊಂಡಳು.

"ಇಟ್ಕೊಳ್ಳಿ," ಎಂದು ನಿರಾಕ್ಷೇಪಣೆ ಪತ್ರವನ್ನು ಬ್ಯಾಗಿಗೆ ಸೇರಿಸಿ ಹೊರಟಳು.

ಕೋರ್ಟಿನ ಕೆಳಗಿನ ಲಾಕಪ್ಪಿನಲ್ಲಿ ಮೆಕ್ಯಾನಿಕ್ ಒಬ್ಬನೇ ಕುಳಿತಿದ್ದ. ಇಪ್ಪತ್ತೇಳು ವರ್ಷದವನು, ಮೂರು ವಾರದಲ್ಲಿ ಅಂಗಿ ಮೈಮೇಲೆ ಜೋತಾಡುವಂತೆ ಇಳಿದುಹೋಗಿದ್ದ. ಗಂಟೆ ಎರಡೂ ನಲವತ್ತು. ಜರಡಿ ಸರಳಿನ ಸಂದಿಯಿಂದ ಹೊಸ ವಕಾಲತ್ತು ಚಾಚಿ, ಯಾರು ಫೀಸು ಕೊಟ್ಟದ್ದು, ಯಾಕೆ ಕೊಟ್ಟದ್ದು ಎಲ್ಲವನ್ನೂ ಹೇಳಿದಳು.

"ನಿಮ್ಮ ಲಾಯರ್ ಆ ಇನ್ನೊಂದು ಕೀಲಿ ಕೇಳ್ತಾರಾ ಮೇಡಂ?"

"ಮೊದಲು ಕೇಳೋದೇ ಅದನ್ನ."

ಅವನ ಕಣ್ಣಲ್ಲಿ ನೀರು ತುಂಬಿತು. ಅಂಗಿಯ ತೋಳಿನಿಂದ ಒರೆಸಿಕೊಂಡು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದ. ಕಾವಲಿನವನು ಸಾಕ್ಷಿಗೆ ಸಹಿ ಹಾಕಿದ. ಜರಡಿ ಆ ಕಾಗದವನ್ನು ತನ್ನ ಹಿಂದೆ ನಿಂತಿದ್ದ ನೆರವಿನ ವಕೀಲೆಯ ಕೈಗಿತ್ತಳು. ಆಕೆ ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಓಡಿದಳು.

"ನಾನು ಎಷ್ಟು ಕೊಡ್ಬೇಕು ಮೇಡಂ? ಅಕ್ಕನ ಹತ್ರ ಏನೂ ಇಲ್ಲ."

"ಒಂದು ಕಾಸೂ ಬೇಡ."

"ಆವತ್ತೂ ಹಾಗೇ ಅಂದ್ರು ಮೇಷ್ಟ್ರು."

"ಯಾವತ್ತು?"

"ನಿಮ್ಮ ಆಫೀಸಿಗೆ ಬಂದಿದ್ನಲ್ಲ, ಆವತ್ತು. ತಲೆ ಎತ್ತದೆ ಬರ್ಕೊಂಡ್ರಲ್ಲ, ಅವರು."

ಜರಡಿ ಸರಳಿಗೆ ಇನ್ನೂ ಹತ್ತಿರ ಬಂದಳು. "ಏನು ಕೇಳಿದೆಪ್ಪ ನೀನು?"

"ಫ್ರೀ ಲಾಯರ್ ಸಿಗ್ತಾರಾ ಅಂತ. ನನ್ನ ಬಗ್ಗೆ ಅನ್ನೋಕೆ ನಾಚಿಕೆ ಆಯ್ತು, ಬೇರೆ ಯಾರದೋ ಅನ್ನೋ ಹಾಗೆ ಕೇಳಿದೆ."

ಇಪ್ಪತ್ತೊಂದು ವರ್ಷ! ತಮ್ಮ ಕಷ್ಟವನ್ನು ಪಕ್ಕದ ಮನೆಯವರ ಕಷ್ಟವೆಂದು ಹೇಳಿಕೊಳ್ಳದ ಒಬ್ಬರನ್ನೂ ಅವಳು ಆ ಮೇಜಿನ ಮುಂದೆ ಕಂಡಿರಲಿಲ್ಲ. ಮೇಷ್ಟ್ರು ಹೇಳಲು ಹೊರಟದ್ದು ಅದನ್ನೇ. ಜರಡಿ ಎಂದು ಕರೆಸಿಕೊಂಡು ಬೀಗಿದವಳು, ಅ ಆ ಇ ಈಯನ್ನೇ ಮರೆತು ಓಡಿದ್ದಳು.

"ಯಾಕೆ ಕೇಳಿದೆ? ಆಗ ಇನ್ನೂ ಯಾರೂ ಸತ್ತಿರ್ಲಿಲ್ಲವಲ್ಲೋ!"

"ನಾಲ್ಕನೇ ಮಹಡಿ ಬಾಗಿಲಿನ ಬೀಗ ಹಿಡೀತಿರ್ಲಿಲ್ಲ ಮೇಡಂ. ನಾನು ಸರಿ ಮಾಡಿ ಹೋದ್ರೆ ಮಾರನೇ ದಿನ ಮತ್ತೆ ಸಡಿಲ. ಲಿಫ್ಟ್ ನಿಲ್ಲಿಸಿ ಅಂತ ಮೂರು ಸಲ ಹೇಳ್ದೆ. ಯಾರಾದ್ರೂ ಸತ್ರೆ ನನ್ನ ತಲೆಗೆ ಬರುತ್ತೆ ಅಂದೆ. ಅದಕ್ಕೆ ಅವರು, ಅಷ್ಟು ಭಯ ಇದ್ರೆ ಫ್ರೀ ಲಾಯರ್ ಆಫೀಸಲ್ಲಿ ಕೇಳ್ಕೊಂಡು ಬಾ, ಅಲ್ಲಿ ಕೇಳಿದ್ದನ್ನ ಬರೆದಿಟ್ಕೋತಾರೆ, ನಿನಗೇ ಒಳ್ಳೇದು ಅಂದ್ರು."

"ಯಾರು ಅಂದಿದ್ದು?"

"ಅಳಿಯಂದ್ರು. ಬಸ್ ಚಾರ್ಜೂ ಅವರೇ ಕೊಟ್ರು."

ಜರಡಿ ಸರಳು ಹಿಡಿದುಕೊಂಡಳು.

ಸಾವಿಗೆ ಎರಡು ದಿನ ಮೊದಲೇ 'ಸಾವಿನ ಕೇಸಾದ್ರೆ' ಎಂದು ಕೇಳಿಕೊಂಡು ಬಂದವನು. ಸರ್ಕಾರಿ ವಕೀಲರಿಗೆ ಇಲ್ಲದೆ ಹೋಗಿದ್ದ ಪುರಾವೆ ಅದೊಂದೇ. ಆ ಚೀಟಿ ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು, ಪೊಲೀಸರಿಗೂ ಸಿಗುತ್ತಿರಲಿಲ್ಲ. ಕಕ್ಷಿದಾರ ತಾನಾಗಿ ಹೇಳಿದ್ದನ್ನು ಅವನ ವಕೀಲರು ಹೊರಗೆ ಹಾಕುವ ಹಾಗಿಲ್ಲ, ಕೇಸು ಬಿಟ್ಟ ಮೇಲೂ ಇಲ್ಲ. ಆದರೆ ಈ ಚೀಟಿಯನ್ನು ಬೆಣ್ಣೆ ವಕೀಲರಿಗೆ ಅವನು ಕೊಟ್ಟಿರಲಿಲ್ಲ. ಅವಳು ಕೊಟ್ಟಿದ್ದಳು.

ಮೇಲೆ ಕೇಸಿನ ನಂಬರು ಕೂಗಿದರು.

ಜರಡಿ ಏದುಸಿರು ಬಿಡುತ್ತಾ ಕೋರ್ಟ್ ಹಾಲಿನೊಳಗೆ ಬಂದಾಗ ಮೂರು ಗಂಟೆಯಾಗಿ ಎರಡು ನಿಮಿಷ. ಅವಳ ಹಿಂದೆಯೇ ಕಾವಲಿನವನು ಮೆಕ್ಯಾನಿಕ್‌ನನ್ನು ಕಟಕಟೆಗೆ ಕರೆತಂದ. ನೆರವಿನ ವಕೀಲೆ ಮುಂದೆ ನಿಂತಿದ್ದಳು. ಅಕ್ಕ ಎರಡನೇ ಸಾಲಿನಲ್ಲಿ ಕುಳಿತು, ಜರಡಿಯನ್ನು ಕಂಡು ಕೈ ಮುಗಿದಳು. ಕೊನೆಯ ಸಾಲಿನಲ್ಲಿ, ಬಿಳಿ ಅಂಗಿಯ ಅಳಿಯನ ಪಕ್ಕದಲ್ಲಿ, ಬೆಣ್ಣೆ ವಕೀಲರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಅವರ ಕೈ ಖಾಲಿಯಿತ್ತು.

ಸರ್ಕಾರಿ ವಕೀಲರು ಎದ್ದರು. "ಸ್ವಾಮಿ, ಆರೋಪ ತೀರ್ಮಾನ ಮಾಡೋಕೆ ಮೊದಲು ಒಂದು ಹೊಸ ದಾಖಲೆ ಇದೆ. ಅರ್ಧ ಗಂಟೆ ಹಿಂದೆಯಷ್ಟೇ ನಮ್ಮ ಕೈ ಸೇರಿದೆ."

ನ್ಯಾಯಾಧೀಶರು ಕಾಗದ ಇಸಿದುಕೊಂಡು ಓದಿದರು. ಮೊಹರಿನ ಮೇಲೆ ಕಣ್ಣು ಕಿರಿದು ಮಾಡಿದರು.

"ಈ ಕಚೇರಿಯವರು ಯಾರಾದ್ರೂ ಇಲ್ಲಿದ್ದೀರಾ?"

ಎಲ್ಲರ ತಲೆಗಳೂ ತಿರುಗಿದವು. ಜರಡಿ ಎದ್ದು ಮುಂದೆ ನಡೆದಳು. ಗುಮಾಸ್ತರು ಪ್ರಮಾಣ ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದಳು.

"ಈ ಪ್ರಶ್ನೆ ಕೇಳಿದೋರು ಯಾರು ಅಂತ ನಿಮಗೆ ಗೊತ್ತಾ?"

ಕಾಲು ಗಂಟೆಯ ಹಿಂದೆ ಕೇಳಿದ್ದರೆ, ಗೊತ್ತಿಲ್ಲ ಎಂಬ ಉತ್ತರ ನಿಜವಾಗಿರುತ್ತಿತ್ತು.